ಪ್ರೈಮರಿ ಬಂತೆಂದರೆ ನಮ್ಮವರೇ ನಮ್ಮವರ ಮೇಲೆ ಬೀಳೋದು ಯಾಕೆ?

ಬೇಸತ್ತ_ಡೆಮಾಕ್ರಟ್:
2008ರಿಂದ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಗಳನ್ನು, ಅಂದರೆ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಗಳನ್ನು, ನೋಡುತ್ತಾ ಬಂದಿದ್ದೇನೆ, ಪ್ರತಿ ಸಲವೂ ಅದೇ ಗೋಳು. ಆಗ ಹಿಲರಿ ಕ್ಲಿಂಟನ್‌ಗೆ ಓಟು ಅಂದರೆ ನಿನಗೆ ಕಪ್ಪು ವರ್ಣೀಯರು ಕಂಡರೆ ಆಗಲ್ಲ, ಒಬಾಮಾಗೆ ಓಟು ಅಂದರೆ ಹೆಂಗಸು ಮೇಲೆ ಬರೋದು ಇಷ್ಟ ಇಲ್ಲ. 2016ರಲ್ಲಿ ಕ್ಲಿಂಟನ್ ಎದುರಾಳಿ ಬರ್ನಿ ಸ್ಯಾಂಡರ್ಸ್ ಪರ ಇದ್ದ ಹುಡುಗಿಯರನ್ನೂ 'ಬರ್ನಿ ಬ್ರೋ' (ಸ್ಯಾಂಡರ್ಸ್ ಪರ ಜಗಳ ಕಾಯುವ ಗಂಡಸರು) ಲೆಕ್ಕಕ್ಕೆ ಸೇರಿಸಿದರು. 2020ರ ಜನವರಿಯಂತೂ ಹೇಳೋದೇ ಬೇಡ. ಹೆಂಗಸು ಗೆಲ್ಲಲಾರಳು ಅಂತ ಸ್ಯಾಂಡರ್ಸ್ ಹೇಳಿದ್ದರು ಅಂತ ಇನ್ನೊಬ್ಬ ಅಭ್ಯರ್ಥಿ ಎಲಿಜಬೆತ್ ವಾರೆನ್, ನಾನು ಹೇಳೇ ಇಲ್ಲ ಅಂತ ಸ್ಯಾಂಡರ್ಸ್. ಡಿಬೇಟ್ ಮುಗಿದ ಮೇಲೆ ಸ್ಯಾಂಡರ್ಸ್ ಕೈ ಚಾಚಿದರೆ ವಾರೆನ್ ಕುಲುಕಲಿಲ್ಲ. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಬೇಕು ಅಂತ ಜೋರಾಗಿ ಹೇಳುತ್ತಿದ್ದವರೇ ಇವರಿಬ್ಬರು! ಆ ವಾರ ವಿಮೆಯ ಬಗ್ಗೆ ಯಾರೂ ಮಾತಾಡಲಿಲ್ಲ, ಕೈ ಕುಲುಕಲಿಲ್ಲ ಅನ್ನೋದೇ ದೊಡ್ಡ ಸುದ್ದಿ.

2016ರ ಅಧ್ಯಕ್ಷ ಚುನಾವಣೆಯಲ್ಲಿ ಮಿಷಿಗನ್ ರಾಜ್ಯ ನಮ್ಮ ಕೈತಪ್ಪಿ ಟ್ರಂಪ್‌ಗೆ ಹೋದದ್ದು ಬರೀ 10,704 ಓಟಿನಿಂದ. ಮುನಿಸಿಕೊಂಡು ಮನೆಯಲ್ಲಿ ಕೂತವರು ಎಷ್ಟು ಜನ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಇದಕ್ಕೆ ಪರಿಹಾರ ಇದೆಯಾ, ಇಲ್ಲ ಇದು ಹೀಗೇನಾ?

ಡೆಲಿಗೇಟ್_ಲೆಕ್ಕ:
ಅರ್ಧ ಕಾರಣ ಲೆಕ್ಕಾಚಾರದಲ್ಲೇ ಇದೆ. ಒಂದೇ ಪಕ್ಷದವರು, ಹತ್ತರಲ್ಲಿ ಒಂಬತ್ತು ವಿಷಯದಲ್ಲಿ ಒಂದೇ ನಿಲುವು. ಹಾಗಾಗಿ ಬೇರೆ ಬೇರೆ ಅಂತ ತೋರಿಸಿಕೊಳ್ಳಲು ಉಳಿಯುವುದು ಆ ಮನುಷ್ಯ ಯಾರು ಅನ್ನೋದು ಮಾತ್ರ. 2008ರಲ್ಲಿ ಒಂದು ನಿಜವಾದ ವ್ಯತ್ಯಾಸ ಇತ್ತು. ಪ್ರತಿಯೊಬ್ಬರೂ ವಿಮೆ ಮಾಡಿಸಲೇಬೇಕು ಅಂತ ಕ್ಲಿಂಟನ್, ಮಕ್ಕಳಿಗೆ ಮಾತ್ರ ಕಡ್ಡಾಯ ಸಾಕು ಅಂತ ಒಬಾಮಾ. 2010ರಲ್ಲಿ ಒಬಾಮಾ ಸಹಿ ಹಾಕಿದ ಕಾನೂನಿನಲ್ಲಿ ಇದ್ದದ್ದು ಕ್ಲಿಂಟನ್ ಹೇಳಿದ ಕಡ್ಡಾಯವೇ. ಅಷ್ಟು ಮುಖ್ಯವಾದ ವಿಷಯವನ್ನು ನಾವು ಅಭಿಮಾನಿಗಳು ಎಷ್ಟು ಚರ್ಚಿಸಿದೆವು ಹೇಳಿ?

ಇನ್ನೊಂದು, ನಮ್ಮಲ್ಲಿ 15% ದಾಟಿದವರಿಗೆಲ್ಲ ಓಟಿಗೆ ತಕ್ಕಷ್ಟು ಡೆಲಿಗೇಟ್‌ಗಳು (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು) ಸಿಗುತ್ತಾರೆ. ರಿಪಬ್ಲಿಕನ್ನರಲ್ಲಿ ಹಲವು ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ, ಬೇಗ ಮುಗಿಯುತ್ತದೆ. ನಮ್ಮಲ್ಲಿ ಹಿಂದೆ ಬಿದ್ದವರೂ ಜೂನ್‌ವರೆಗೆ ಎಳೆಯಬಹುದು, ಎಳೆದಷ್ಟೂ ಮಾತು ಹೊಲಸಾಗುತ್ತದೆ. ಆದರೆ ನಾಯಕರು ಕೊನೆಗೆ ಒಂದಾಗುತ್ತಾರೆ ನೋಡಿ. 2008ರ ಆಗಸ್ಟ್‌ನಲ್ಲಿ ಡೆನ್ವರ್ ಸಮಾವೇಶದಲ್ಲಿ ಎಣಿಕೆ ನಿಲ್ಲಿಸಿ ಒಬಾಮಾರನ್ನು ಅಭ್ಯರ್ಥಿ ಅಂತ ಘೋಷಿಸೋಣ ಅಂದವರು ಸ್ವತಃ ಕ್ಲಿಂಟನ್. ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಓದಲಿ ಅಂತ ಬಸ್ಸಿನಲ್ಲಿ ಬೇರೆ ಶಾಲೆಗೆ ಕಳಿಸುತ್ತಿದ್ದ ವಿಷಯದಲ್ಲಿ ಬೈಡನ್‌ರನ್ನು ಡಿಬೇಟ್‌ನಲ್ಲಿ ಹ್ಯಾರಿಸ್ ತರಾಟೆಗೆ ತೆಗೆದುಕೊಂಡದ್ದು 2019ರ ಜೂನ್, ಅವರನ್ನೇ ಬೈಡನ್ ಉಪಾಧ್ಯಕ್ಷೆಯ ಅಭ್ಯರ್ಥಿ ಮಾಡಿದ್ದು 2020ರ ಆಗಸ್ಟ್. ಹಗೆ ಸಾಧಿಸುತ್ತಾ ಉಳಿಯೋದು ನಾವು.

ಇನ್ನೊಂದು_ಮಾತು:
ಇಬ್ಬರ ಮಾತೂ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಜಾತಿ, ಬಣ್ಣ, ಹೆಣ್ಣು, ಗಂಡು ಅನ್ನೋದೆಲ್ಲ ಬರೀ ಜಗಳದ ನೆಪ ಅಂದುಕೊಳ್ಳಬೇಡಿ. 1964ರಲ್ಲಿ ನಮ್ಮ ಪಕ್ಷದ ಸಮಾವೇಶಕ್ಕೆ ಮಿಸಿಸಿಪ್ಪಿಯಿಂದ ಬರೀ ಬಿಳಿಯರ ನಿಯೋಗ ಬಂದಿತ್ತು. ಕಪ್ಪು ವರ್ಣೀಯರ ಹಕ್ಕಿಗಾಗಿ ಹೋರಾಡುತ್ತಿದ್ದ ಫ್ಯಾನಿ ಲೂ ಹೇಮರ್ ಮತ್ತು ಜೊತೆಯವರು ನಮಗೂ ಜಾಗ ಕೊಡಿ ಅಂತ ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೇ ಹೋದರು. ಎರಡು ಸೀಟು ಕೊಡುತ್ತೇವೆ ಅಂದಾಗ ಬೇಡ ಅಂದರು. ಅವತ್ತೂ ಪಕ್ಷ ಒಡೆಯಬೇಡಿ, ಚುನಾವಣೆ ಹತ್ತಿರ ಇದೆ ಅಂತಲೇ ಅವರ ಬಾಯಿ ಮುಚ್ಚಿಸಲು ನೋಡಿದ್ದು. ಅವರು ಸುಮ್ಮನಾಗಿದ್ದರೆ ಇವತ್ತಿನ ಪಕ್ಷ ಹೀಗೆ ಇರುತ್ತಿತ್ತಾ?

2020ರ ಸೌತ್ ಕ್ಯಾರೊಲಿನಾ ನೋಡಿ. ಅಲ್ಲಿನ ಕಪ್ಪು ಮತದಾರರು ತಮ್ಮ ಬಣ್ಣದವರು ಯಾರು ಅಂತ ಹುಡುಕಲಿಲ್ಲ. ಅಲ್ಲಿನ ಕಪ್ಪು ವರ್ಣೀಯ ಸಂಸದ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಕೊಟ್ಟರು, ಮತದಾರರು ತಾವು ಬಹಳ ವರ್ಷದಿಂದ ಬಲ್ಲ ಬೈಡನ್‌ಗೇ ಹಾಕಿದರು, ಪ್ರೈಮರಿಯ ದಿಕ್ಕೇ ತಿರುಗಿತು. ಅವರ ಬದುಕಿನ ಅನುಭವವೇ ಅವರ ರಾಜಕೀಯ ಲೆಕ್ಕ. ನನಗೆ ಕೋಪ ಬರೋದು ಬೇರೆ ಕಡೆ. ಒಬ್ಬ ಹೆಣ್ಣುಮಗಳು ಯೋಚಿಸಿ ಸ್ಯಾಂಡರ್ಸ್‌ಗೆ ಹಾಕಿದರೆ 'ನಿನಗೆ ಅರ್ಥ ಆಗಲ್ಲ' ಅಂತಾರಲ್ಲ, ಆಗ. ಅದು ಅವಳ ಪರ ಮಾತಾಡಿದ್ದಲ್ಲ, ಅವಳ ಓಟನ್ನು ಕಿತ್ತುಕೊಂಡದ್ದು.

ಅಯೋವಾದವಳು:
ನಮ್ಮ ಕಾಕಸ್ (ಜನ ಒಂದು ಕಡೆ ಸೇರಿ ಅಭ್ಯರ್ಥಿಗೆ ಬೆಂಬಲ ತೋರಿಸುವ ಸಭೆ) ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. 2020ರಲ್ಲಿ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು ನಗೆಪಾಟಲಾದದ್ದು ಹೌದು, ಅದು ಇರಲಿ. ಶಾಲೆಯ ಜಿಮ್‌ನಲ್ಲಿ ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬರ ಬೆಂಬಲಿಗರು ನಿಲ್ಲುತ್ತಿದ್ದರು. 15% ಆಗದ ಗುಂಪಿನವರು ಬೇರೆ ಗುಂಪಿಗೆ ಹೋಗಬಹುದಿತ್ತು. ನಮ್ಮ ಗುಂಪು ಚಿಕ್ಕದಿತ್ತು, ಎರಡು ಕಡೆಯವರು ಕರೆಯಲು ಬಂದರು. ಒಂದು ಕಡೆಯ ಹುಡುಗ ಫೇಸ್‌ಬುಕ್‌ನಲ್ಲಿ ನಮ್ಮನ್ನೆಲ್ಲ ಶ್ರೀಮಂತರ ಚೇಲಾಗಳು ಅಂತ ಬೈದವನು. ಅವನ ಹಿಂದೆ ಒಬ್ಬರೂ ಹೋಗಲಿಲ್ಲ. ಇನ್ನೊಂದು ಕಡೆಯಿಂದ ಬಂದ ಪಕ್ಕದ ಮನೆಯಾಕೆ ನಿಮ್ಮ ಅಭ್ಯರ್ಥಿಯ ಶಿಶುಪಾಲನಾ ಯೋಜನೆ ನನಗೂ ಇಷ್ಟ ಅಂತ ಶುರು ಮಾಡಿದಳು, ಮುಕ್ಕಾಲು ಜನ ಆಕೆಯ ಜೊತೆ ಹೋದೆವು.

ಎರಡನೇ ಆಯ್ಕೆಗೂ ಬೆಲೆ ಇದ್ದರೆ ಬೈಯೋದಕ್ಕೆ ದಂಡ ಬೀಳುತ್ತದೆ. ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್‌ಗಳಲ್ಲಿ 2020ರಲ್ಲೇ ನಮ್ಮ ಪಕ್ಷದವರು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಅಂತ ಕ್ರಮ ಕೊಟ್ಟು ಓಟು ಹಾಕಿದ್ದಾರೆ. ಎಲ್ಲ ಕಡೆ ಅದೇ ಬರಲಿ ಅನ್ನೋದು ನನ್ನ ಆಸೆ.

ಬೇಸತ್ತ_ಡೆಮಾಕ್ರಟ್:
ಹೇಮರ್ ವಿಷಯ ಒಪ್ಪಿದೆ, ಜಾಗ ಕೇಳೋದು ಬೇರೆ, ಬಾಯಿ ಮುಚ್ಚಿಸೋದು ಬೇರೆ. ಅಯೋವಾದವರೇ, ಈ ಕ್ರಮದ ಓಟಿಗೆ ಪಕ್ಷದ ರಾಜ್ಯ ಸಮಿತಿ ಒಪ್ಪಿದರೆ ಸಾಕಾ ಅಥವಾ ಶಾಸಕಾಂಗ ಕಾನೂನು ಮಾಡಬೇಕಾ? ನಮ್ಮ ಕೌಂಟಿ ಸಭೆಯಲ್ಲಿ ಎತ್ತಬೇಕು ಅಂತಿದ್ದೇನೆ.

ಡೆಲಿಗೇಟ್_ಲೆಕ್ಕ:
ಪ್ರೈಮರಿಯನ್ನು ಪಕ್ಷವೇ ನಡೆಸುವ ಕಡೆ ಪಕ್ಷದ ತೀರ್ಮಾನ ಸಾಕು. ಸರ್ಕಾರ ನಡೆಸುವ ಕಡೆ ಕಾನೂನು ಬದಲಾಗಬೇಕು. ನಿಮ್ಮದು ಯಾವ ರಾಜ್ಯ?