ತಾತ ಬರ್ಮಾದಿಂದ ತಂದ ಜಪಾನಿ ಬಾವುಟ: ಮೂಲ ಹುಡುಕಿದವರ ಅನುಭವಗಳು

ಪ್ರಶ್ನೆ: ನಮ್ಮ ತಾತ ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದರು. ಅವರ ಟ್ರಂಕಿನಲ್ಲಿ, ನಡುವೆ ಕೆಂಪು ಸೂರ್ಯನೂ ಸುತ್ತ ಕಪ್ಪು ಮಸಿಯ ಜಪಾನಿ ಬರಹವೂ ಇರುವ ರೇಷ್ಮೆ ಬಾವುಟವೊಂದು ಸಿಕ್ಕಿದೆ. ಅದು ಯಾರದ್ದು, ತಾತನ ಕೈಗೆ ಹೇಗೆ ಬಂತು ಎಂಬುದನ್ನು ತಿಳಿಯಲು ದಾರಿಯಿದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಮ್ಮ ಮನೆಯಲ್ಲೂ ಇಂಥದೇ ಬಾವುಟವಿತ್ತು, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ ನನ್ನ ದೊಡ್ಡಜ್ಜ ತಂದದ್ದು. ನೀವು ಕೇಳಿರುವುದು ಎರಡು ಬೇರೆ ಬೇರೆ ಪ್ರಶ್ನೆಗಳು. ಬಾವುಟ ಯಾರದ್ದೆಂಬುದನ್ನು ಬಟ್ಟೆಯೇ ಹೇಳಬೇಕು. ತಾತನ ಕೈಗೆ ಬಂದ ಬಗೆಯನ್ನು ಅವರ ಸೇನಾ ಕಾಗದಪತ್ರಗಳು ಹೇಳಬೇಕು. ಎರಡನ್ನೂ ಕಲಸಿಕೊಂಡು ನಾನು ಸಾಕಷ್ಟು ಕಾಲ ಕಳೆದುಕೊಂಡೆ.

ಇದು ಪಡೆಯ ಧ್ವಜವಲ್ಲ. ಜಪಾನಿನಲ್ಲಿ ‘ಯೋಸೆಗಾಕಿ ಹಿನೋಮಾರು’ ಎನ್ನುವ ಈ ಬಾವುಟವನ್ನು, ಯುದ್ಧಕ್ಕೆ ಹೊರಟ ಯುವಕನಿಗೆ ಬಂಧುಗಳು, ನೆರೆಹೊರೆಯವರು, ಸಹಪಾಠಿಗಳು, ಜೊತೆಯಲ್ಲಿ ದುಡಿಯುವವರು ತಮ್ಮ ಹೆಸರು ಬರೆದು ಕೊಡುತ್ತಿದ್ದರು. ಅವನು ಅದನ್ನು ಮಡಿಸಿ ತನ್ನ ಬಳಿಯೇ ಇಟ್ಟುಕೊಳ್ಳುತ್ತಿದ್ದ. ಹಾಗಾಗಿ ಅದರ ಮೇಲಿನ ಹತ್ತಾರು ಹೆಸರುಗಳು ಊರಿನಲ್ಲಿ ಉಳಿದವರವು. ಹೊರಟವನ ಹೆಸರು ಸಾಮಾನ್ಯವಾಗಿ ಅಂಚಿನಲ್ಲಿ, ತುಸು ದೊಡ್ಡದಾಗಿ, ಮೇಲಿಂದ ಕೆಳಕ್ಕೆ, ‘ಕುನ್’ ಎಂಬಂಥ ಗೌರವಸೂಚಕದೊಂದಿಗೆ ಇರುತ್ತದೆ. ಮೇಲ್ಭಾಗದಲ್ಲಿ ದಪ್ಪಗೆ ಕಾಣುವ ನಾಲ್ಕು ಅಕ್ಷರಗಳು ಬಹುಪಾಲು ‘ಬು-ಉನ್ ಚೋಕ್ಯೂ’, ಅಂದರೆ ಯುದ್ಧಭಾಗ್ಯ ಬಹುಕಾಲ ಇರಲಿ ಎಂಬ ಹಾರೈಕೆ. ಅದನ್ನೇ ಸೈನಿಕನ ಹೆಸರೆಂದು ತಿಳಿದು ಆರು ತಿಂಗಳು ಹುಡುಕಿದ ಜಾಣ ನಾನು! ಶಾಲೆ, ಕಾರ್ಖಾನೆ, ಊರು ಅಥವಾ ದೇಗುಲದ ಕೆಂಪು ಮುದ್ರೆ ಓದಲು ಬಂದರೆ, ಬರಿಯ ಮನೆತನದ ಹೆಸರಿಗಿಂತ ಅದು ಹೆಚ್ಚು ಬೆಲೆಯುಳ್ಳದ್ದು.

ಬಟ್ಟೆಯನ್ನು ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ. ಕೆಂಪು ಬಣ್ಣ ಹರಡೀತು. ಕಿಟಕಿಯ ಬೆಳಕಿನಲ್ಲಿ ಇಡೀ ಬಾವುಟವನ್ನೂ ನಾಲ್ಕು ಮೂಲೆಗಳನ್ನೂ ಪ್ರತ್ಯೇಕವಾಗಿ ಚಿತ್ರ ತೆಗೆಯಿರಿ. ಅಮೆರಿಕದ ಆರಿಗನ್ ರಾಜ್ಯದ ಅಸ್ಟೋರಿಯಾದಲ್ಲಿ 2009ರಿಂದ ಕೆಲಸ ಮಾಡುತ್ತಿರುವ ಓಬೊನ್ ಸೊಸೈಟಿ ಇಂಥ ಬಾವುಟಗಳ ಕುಟುಂಬಗಳನ್ನು ಹುಡುಕುತ್ತದೆ. ಜಪಾನಿನ ಭೂಸೇನೆಯವರ ದಾಖಲೆಗಳು ಅಲ್ಲಿನ ಪ್ರಾಂತ ಸರ್ಕಾರಗಳಲ್ಲಿದ್ದು, ನಮ್ಮಂಥ ಹೊರಗಿನವರು ನೇರವಾಗಿ ಬರೆದು ವಿವರ ಪಡೆಯುವುದು ಕಷ್ಟ. ಮಧ್ಯವರ್ತಿಗಳ ಮೂಲಕ ಹೋಗುವುದೇ ಮೇಲು.

ಇನ್ನು ತಾತನ ಕಡೆಯ ಕಥೆ. ಕೊಹಿಮಾದ ಕೈಕೈ ಕಾದಾಟದಲ್ಲಿ ಅಧಿಕಾರಿಯೊಬ್ಬನಿಂದ ಕಿತ್ತುಕೊಂಡದ್ದೆಂದು ನಮ್ಮಲ್ಲಿ ಹೇಳುತ್ತಿದ್ದರು. ಸೇನೆಯಿಂದ ಹೊರಬರುವಾಗ ಕೊಟ್ಟ ಬಿಡುಗಡೆ ಪುಸ್ತಕ ತೆರೆದರೆ, ದೊಡ್ಡಜ್ಜ ಆ ರಂಗಕ್ಕೆ ಹೋದದ್ದೇ 1945ರಲ್ಲಿ. ಕೊಹಿಮಾ ಕದನ ನಡೆದದ್ದು 1944ರ ಏಪ್ರಿಲಿನಿಂದ ಜೂನ್‌ವರೆಗೆ. ಇಂಥ ವಸ್ತುಗಳು ಸೈನಿಕರ ನಡುವೆ ಕೈಬದಲಾಗುತ್ತಿದ್ದವು, ಮಾರಾಟವೂ ಆಗುತ್ತಿದ್ದವು. ಆದ್ದರಿಂದ ನಾನೀಗ ಮನೆಮಾತನ್ನು ಒಂದು ಹಾಳೆಯಲ್ಲೂ ದಾಖಲೆಯ ಮಾತನ್ನು ಇನ್ನೊಂದರಲ್ಲೂ ಬರೆದಿಟ್ಟಿದ್ದೇನೆ.

ನಿಮ್ಮ ತಾತನ ಸೇನಾ ಸಂಖ್ಯೆ ಸಿಕ್ಕರೆ ಅವರ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಿರಿ. ಪಡೆ ಮತ್ತು ಕಾಲ ಖಚಿತವಾದಲ್ಲಿ ಎರಡು ಪ್ರಶ್ನೆಗಳೂ ಕೂಡುತ್ತವೆ, ಏಕೆಂದರೆ ಜಪಾನಿನ ರೆಜಿಮೆಂಟುಗಳು ಬಹುತೇಕ ಒಂದೊಂದು ಸೀಮೆಯಿಂದಲೇ ಆಳುಗಳನ್ನು ಸೇರಿಸಿಕೊಳ್ಳುತ್ತಿದ್ದವು. ಇಂಫಾಲದ ಎದುರಿದ್ದ 33ನೇ ಡಿವಿಷನ್ನಿನ ರೆಜಿಮೆಂಟುಗಳು ಜಪಾನಿನ ಮಿಟೊ, ಉತ್ಸುನೊಮಿಯಾ, ತಕಾಸಾಕಿ ಊರುಗಳವು. ಬರ್ಮಾದ ಪಶ್ಚಿಮ ಕರಾವಳಿಯಾದ ಅರಾಕಾನಿನಲ್ಲಿದ್ದ 54ನೇ ಡಿವಿಷನ್ ಹಿಮೇಜಿ ಊರಿನದು. ಕೊಡಗಿನ ಕೆ. ಎಸ್. ತಿಮ್ಮಯ್ಯನವರು 1945ರ ಜನವರಿಯಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ನಾಯಕರಾಗಿ ಅರಾಕಾನಿನ ಕಂಗಾವ್‌ನಲ್ಲಿ ಕಾದಿದ್ದು ಈ 54ನೆಯದರ ವಿರುದ್ಧವೇ. ತಾತ ಅಲ್ಲಿದ್ದು, ಬಾವುಟದ ಮೇಲೆ ಹಿಮೇಜಿ ಸುತ್ತಲಿನ ಊರಿನ ಹೆಸರಿದ್ದರೆ, ಅವರ ಮಾತಿಗೆ ಬಲ ಬಂದಂತೆ.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನೇರಳಾತೀತ ದೀಪದಡಿ ಬಟ್ಟೆ ನೀಲಿಯಾಗಿ ಹೊಳೆದರೆ ಅದು ನಕಲಿಯೆಂದು ಕೆಲವರು ತೀರ್ಪು ಕೊಡುತ್ತಾರೆ. ಇತ್ತೀಚಿನ ಸೋಪಿನ ಪುಡಿಯಲ್ಲಿ ಒಮ್ಮೆ ತೊಳೆದ ಅಸಲಿ ಬಟ್ಟೆಯೂ ಹಾಗೆಯೇ ಹೊಳೆಯುತ್ತದೆ. ನಮ್ಮ ಅತ್ತಿಗೆ ಭಕ್ತಿಯಿಂದ ಒಗೆದಿಟ್ಟಿದ್ದ ಬಾವುಟವನ್ನು ನಾವು ಹೀಗೆಯೇ ಎರಡು ವರ್ಷ ನಕಲಿಯೆಂದು ನಂಬಿದ್ದೆವು. ಇನ್ನೊಂದು ಸಂಗತಿ: ಕುಟುಂಬ ಸಿಕ್ಕರೆ ಹಿಂದಿರುಗಿಸುವಿರಾ ಎಂಬುದನ್ನು ಚಿತ್ರ ಕಳುಹಿಸುವ ಮೊದಲೇ ಮನೆಯ ಹಿರಿಯರೊಂದಿಗೆ ಕುಳಿತು ತೀರ್ಮಾನಿಸಿ. ನಮ್ಮ ಮನೆಯಲ್ಲಿ ಆ ಮಾತು ಎದ್ದದ್ದು ಆ ಸೈನಿಕನ ತಂಗಿಯ ಪತ್ರ ಬಂದ ಮೇಲೆ.