ಸಹಾಯ ಬೇಕು: ಹಳೇ ಜಿಪ್ಸಿಯೋ, ಹಳೇ ಸಿಟಿಯೋ?

ಮೂಡಿಗೆರೆ ಹತ್ತಿರ ತೋಟದೊಳಗೆ ನಮ್ಮ ಮನೆ. ಟಾರ್ ರಸ್ತೆ ಬಿಟ್ಟರೆ ಮಣ್ಣಿನ ಏರು, ಮಳೆಗಾಲದಲ್ಲಿ ಬರೀ ಕೆಸರು. ಎರಡು ಗಾಡಿ ನೋಡಿಟ್ಟಿದ್ದೇನೆ: 2012ರ ಮಾರುತಿ ಜಿಪ್ಸಿ, ಅದೇ ವರ್ಷದ ಹೋಂಡಾ ಸಿಟಿ. ಎರಡೂ ಪೆಟ್ರೋಲ್, ಬೆಲೆಯೂ ಹೆಚ್ಚುಕಮ್ಮಿ ಒಂದೇ. 2027ಕ್ಕೆ ಎರಡಕ್ಕೂ 15 ವರ್ಷ, ಆರ್‌ಸಿ ನವೀಕರಣದ ಖರ್ಚು ಹೇಗೂ ಇದ್ದದ್ದೇ.

ಓಡಿಸಿ ನೋಡಿದೆ. ಜಿಪ್ಸಿ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಹಾಕಿದರೆ ಏರನ್ನು ಆರಾಮಾಗಿ ಹತ್ತುತ್ತದೆ. ಆದರೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ (ಲಾರಿಯಲ್ಲಿರುವಂಥ ಪಟ್ಟಿ ಸ್ಪ್ರಿಂಗ್), ಕುಲುಕಾಟ ಜಾಸ್ತಿ. ಅಮ್ಮನಿಗೆ ಬೆನ್ನುನೋವು, ಚಾರ್ಮಾಡಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಲ್ವಾ? ಸಿಟಿಯಲ್ಲಿ ಘಾಟಿ ಹಾಯಾಗಿತ್ತು, ಮನೆ ಏರಿನಲ್ಲಿ ಮಾತ್ರ ತಳ ತಾಗಿತು, ಮುಂದಿನ ಚಕ್ರ ಸುಮ್ನೆ ತಿರುಗಿತು. ಮೆಕ್ಯಾನಿಕ್‌ಗಳದ್ದು ಒಬ್ಬೊಬ್ಬರದು ಒಂದೊಂದು ಮಾತು.

ಸಿಟಿಗೆ ಸ್ಪೇಸರ್ (ಗಾಡಿಯನ್ನು ಸ್ವಲ್ಪ ಎತ್ತರಿಸಲು ಸ್ಪ್ರಿಂಗ್‌ಗೆ ಕೊಡುವ ತುಂಡು), ಒಳ್ಳೆ ಟೈರ್ ಹಾಕಿದರೆ ಕೆಸರಿನ ಏರು ಹತ್ತುತ್ತಾ? ಇಲ್ಲ, ಜಿಪ್ಸಿಯ ಸಸ್ಪೆನ್ಷನ್, ಸೀಟು ಬದಲಿಸಿದರೆ ಬೆನ್ನುನೋವಿನವರು ಕೂರಬಹುದಾ? ಮಲೆನಾಡಿನಲ್ಲಿ ಓಡಿಸಿದವರು ದಯವಿಟ್ಟು ಹೇಳಿ.