‘ಆಟೋಮೇಷನ್ ಬಯಸ್’ಗೆ ಪದ ಬೇಕು (ಅಣ್ವಸ್ತ್ರ ಸಂದರ್ಭ)

ಅಣ್ವಸ್ತ್ರ ದಾಳಿಯ ಮುನ್ಸೂಚನೆಗೆ ಎಐ ಬಳಸುವುದರ ಕುರಿತ ಲೇಖನದ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಆಟೋಮೇಷನ್ ಬಯಸ್’ಗೆ ‘ಸ್ವಯಂಚಾಲನಾ ಪಕ್ಷಪಾತ’, ‘ಹ್ಯೂಮನ್ ಇನ್ ದ ಲೂಪ್’ಗೆ (ಯಂತ್ರದ ತೀರ್ಮಾನದ ನಡುವೆ ಮನುಷ್ಯನೊಬ್ಬ ಇರುವುದು) ‘ಕುಣಿಕೆಯೊಳಗಿನ ಮನುಷ್ಯ’ ಎಂದಿಟ್ಟಿದ್ದೇನೆ. ನಡೆದೀತೇ?

> ನಡೆದೀತೇ?

ಎರಡೂ ನಡೆಯವು. ಕುಣಿಕೆ ಎಂದೊಡನೆ ನೇಣು ಕಾಣುತ್ತದೆ. ‘ಪಕ್ಷಪಾತ’ ಅಂದರೆ ಯಂತ್ರವೇ ಪಕ್ಷಪಾತಿ ಎಂದಾಯಿತು. ಇಲ್ಲಿ ಎಡವುವವನು ಮನುಷ್ಯ, ಪರದೆ ಹೇಳಿದ್ದನ್ನು ತಾಳೆ ನೋಡದೆ ನಂಬುವವನು. 1983ರ ಸೆಪ್ಟೆಂಬರ್ 26ರಂದು ಮೋಡದ ಮೇಲೆ ಹೊಳೆದ ಬಿಸಿಲನ್ನು ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದ ಐದು ಕ್ಷಿಪಣಿಗಳೆಂದು ತೋರಿಸಿತು. ದಾಳಿಯಾದರೆ ಐದೇ ಏಕೆ, ನೆಲದ ರೇಡಾರ್ ಏಕೆ ಸುಮ್ಮನಿದೆ ಎಂದು ಕಾವಲಿನಲ್ಲಿದ್ದ ಸೋವಿಯತ್ ಅಧಿಕಾರಿ ಪೆಟ್ರೋವ್ ಅನುಮಾನಿಸಿದ. ಎಐ ಉಪಗ್ರಹ, ರೇಡಾರ್ ಎಲ್ಲವನ್ನೂ ಕಲಸಿ ‘ಶೇಕಡಾ ಇಷ್ಟು ಖಚಿತ’ ಎಂಬ ಒಂದೇ ಅಂಕಿ ಕೊಟ್ಟರೆ ಹಾಗೆ ಅನುಮಾನಿಸಲು ಎಡೆಯೇ ಇಲ್ಲ. ಅದರ ಮೇಲೆ, ನಿಜವಾದ ಕ್ಷಿಪಣಿ ಅಣುದಾಳಿಯ ದತ್ತಾಂಶ ಯಾರ ಬಳಿಯೂ ಇಲ್ಲ. ಕಲಿಸುವುದೆಲ್ಲ ಅಣಕು ದಾಳಿಯಿಂದ. ‘ಯಂತ್ರನೆಚ್ಚಿಕೆ’ ಎನ್ನಿ. ‘ನೆಚ್ಚಿನ’ ಇಂದು ಮೆಚ್ಚಿನ ಆಗಿಬಿಟ್ಟಿದೆ, ಹಳಗನ್ನಡದ ನೆಚ್ಚು ಎಂದರೆ ನಂಬು, ಭರವಸೆಯಿಡು.

> ‘ಯಂತ್ರನೆಚ್ಚಿಕೆ’ ಎನ್ನಿ

ಅರಿಸಮಾಸ. ಬೇಡ.

> ಅರಿಸಮಾಸ. ಬೇಡ.

ಸಂಸ್ಕೃತಕ್ಕೆ ಕನ್ನಡ ಬೆಸೆಯುವ ಈ ಸಮಾಸ ಸಲ್ಲದೆಂದ ಹಳಗನ್ನಡ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ರಿಯಾಯಿತಿ ಕೊಟ್ಟಿದ್ದಾನೆ, ನೀವು ಅವನಿಗಿಂತ ಬಿಗಿ! ನಿಮ್ಮ ಲೆಕ್ಕದಲ್ಲಿ ‘ರೇಡಾರ್ ಕೇಂದ್ರ’ ಯಾವ ಸಮಾಸ ಸ್ವಾಮಿ?

ಅದಿರಲಿ, ‘ಅಣ್ವಸ್ತ್ರ’ವೇ ತಪ್ಪು. ಅಣು ಬೇರೆ, ಪರಮಾಣು ಬೇರೆ. ‘ಬೈಜಿಕಾಸ್ತ್ರ’ ಎನ್ನಬೇಕು.

ಐವತ್ತು ವರ್ಷ ತಡವಾಯಿತು, ಬಿಡಿ.

ಲೂಪಿನ ಮಾತು ಹಾಗೇ ಉಳಿಯಿತಲ್ಲ? ‘ಮಾನವ ಹಿಡಿತ’ ಎನ್ನೋಣವೇ? 2024ರ ನವೆಂಬರ್‌ನಲ್ಲಿ ಲಿಮಾದಲ್ಲಿ ಬೈಡನ್, ಷಿ ಜಿನ್‌ಪಿಂಗ್ ಒಪ್ಪಿದ್ದೂ ಅದನ್ನೇ.

ಅಲ್ಲ ರೀ. ಅಣ್ವಸ್ತ್ರ ಬಳಸುವ ತೀರ್ಮಾನ ಮನುಷ್ಯರ ಹಿಡಿತದಲ್ಲಿರಬೇಕು ಎಂದು ಅವರು ಒಪ್ಪಿದ್ದು. ಯಂತ್ರ ಮುಂದಿಟ್ಟದ್ದಕ್ಕೆ ಹೂಂ ಅನ್ನುವವನೂ ಲೂಪಿನಲ್ಲಿದ್ದಾನೆ, ಹಿಡಿತ ಮಾತ್ರ ಅವನದಲ್ಲ. ‘ಮನುಷ್ಯನ ಒಪ್ಪಿಗೆಯ ಹಂತ’ ಎಂದು ಬಿಡಿಸಿ ಬರೆಯಿರಿ.

ಪುಟ ಕಟ್ಟುವವರು ಕಾಯುತ್ತಿದ್ದಾರೆ. ‘ಯಂತ್ರವನ್ನೇ ನಂಬುವ ಚಾಳಿ’ ಎಂದು ಹಾಕುತ್ತಿದ್ದೇನೆ.

‘ಚಾಳಿ’ ಬೈಗುಳವಾಯಿತು. ಖಂಡಾಂತರ ಕ್ಷಿಪಣಿ ಮುಟ್ಟಲು ಸುಮಾರು 30 ನಿಮಿಷ, ಹತ್ತಿರದ ಜಲಾಂತರ್ಗಾಮಿಯಿಂದಾದರೆ ಅದರ ಅರ್ಧವೂ ಇಲ್ಲ. ಆ ಅವಸರದಲ್ಲಿ ಪಳಗಿದವರೂ ಯಂತ್ರಕ್ಕೆ ಒರಗುತ್ತಾರೆ. ‘ಯಂತ್ರದತ್ತ ವಾಲುವಿಕೆ’ ಸಾಕು. ಮೊದಲ ಸಲ ಬಂದಲ್ಲಿ ಮೂಲಪದವನ್ನೂ ಕನ್ನಡ ಲಿಪಿಯಲ್ಲೇ ಕೊಡಿ.